ಕೆಂಪಿ ಅಂತ ಬರ್ಕೊಳಿ

ಅವ್ವಾ,

ಕುಣಿಯಂಗಾಗೈತೆ ಕಣವ್ವಾ, ನಿಂಗಲ್ದೆ ಇನ್ಯಾರಿಗೆ ಹೇಳ್ಲಿ! ಆಫ್ರಿಕಾದ ಈ ಡರ್ಬನ್ನಲ್ಲಿ ನನ್ನ ಕೆಲಸ ಸಾವಿರಾರು ಮಕ್ಕಳ ಆಸ್ಪತ್ರೆ ದಾಖಲೆಗಳನ್ನ ಕಂಪ್ಯೂಟರಲ್ಲಿ ಜೋಡಿಸಿ ಕಾಯಿಲೆಗಳ ಜಾಡು ಹಿಡಿಯೋದು. ಎಷ್ಟೋ ಕೂಸುಗಳು ಮೊದಲ್ನೇ ಲಸಿಕೆ ಸೂಜಿ ಹಾಕಿಸ್ಕೊಂಡು ದಾಖಲೆಯಿಂದ ಮಾಯ ಆಗಿಬಿಡೋವು. ಸತ್ತೋದ್ವೇನೋ ಅಂತ ನಮಗೆಲ್ಲ ದಿಗಿಲು.

ಇವತ್ತು ಜೊತೇಲಿ ಕೆಲಸ ಮಾಡೋ ಈ ಊರಿನೋಳು ನೊಂಬುಸೊ ಯಾವ್ದೋ ಮಾತಿನ ಮಧ್ಯೆ ಅಂದ್ಲು, "ನಮ್ಮಲ್ಲಿ ಸೊಸೆ ಆದೋಳು ಮಾವನ ಹೆಸರು ಬಾಯಲ್ಲಿ ಆಡಂಗಿಲ್ಲ." ನಾನು ಕುರ್ಚಿ ಬಿಟ್ಟು ಎದ್ದೇಬುಟ್ಟೆ! ನಂಗೆ ಅಪ್ಪನ ಅವ್ವನ ಹೆಸರನ್ನೇ ಇಟ್ಟಿದ್ರು, ಲಕ್ಷ್ಮಿದೇವಿ ಅಂತ. ಅತ್ತೆ ಹೆಸರು ಹೇಳಬಾರ್ದು ಅಂತ ನೀನು ಮಲ್ಲಿಪಟ್ಟಣದ ಆಸ್ಪತ್ರೇಲೂ "ಕೆಂಪಿ ಅಂತ ಬರ್ಕೊಳಿ ಸಾ" ಅಂದಿದ್ದೆಯಲ್ಲ! ಇಲ್ಲೂ ಅಂಗೇ ಆಗೈತೆ. ಮೊದಲ್ನೇ ಸಲ ಮನೆಯೋರು ಕೂಸಿಗೆ ಇಟ್ಟ ತಾತನ ಹೆಸರು ಬರೆಸವ್ರೆ, ಆಮೇಲೆ ತಾಯಿ ಒಬ್ಳೇ ಬಂದಾಗ ಬೇರೆ ಹೆಸರು ಬರೆಸವ್ಳೆ, ಕಂಪ್ಯೂಟರು ಒಂದು ಮಗೂನ ಎರಡು ಮಾಡೈತೆ. ಹುಟ್ಟಿದ ದಿನ, ತಾಯಿ, ಊರು ನೋಡಿ ಕೂಡಿಸಿದ್ವಿ. ಮಕ್ಕಳು ಸಿಕ್ಕಿದ್ವು ಅವ್ವಾ, ಬದುಕವೆ!

ಎಲ್ಲರೂ "ಲಕ್ಷ್ಮಿದೇವಿ, ಲಕ್ಷ್ಮಿದೇವಿ" ಅಂತ ಕೈ ಕುಲುಕಿದ್ರು. ನನ್ನ ಇನ್ನೊಂದು ಹೆಸರು ಇಲ್ಲಿ ಯಾರಿಗೂ ಗೊತ್ತಿಲ್ಲ. ಅದನ್ನ ನಾನು ಕೊನೇಗೆ ಕೇಳಿದ್ದು ನೀನು ಕಣ್ಮುಚ್ಚೋ ಮುಂಚೆ, ಫೋನಲ್ಲಿ.

"ಯಾವಾಗ ಬತ್ತೀಯೇ, ಕೆಂಪಿ?"