ಸಾವಂತ್ರಿಯ ಕೈ

ಫೆಬ್ರುವರಿ 4, ಮಂಗಳವಾರ, ಸಂಜೆ

ಈ ಡೈರಿಯೆದುರು ಕೂಡಿದ ದೈವದವರೇ, ಪ್ರೇಕ್ಷಕರೇ, ಗದ್ದಲ ಬೇಡ, ಮುಂದಿನವರು ಕುಳಿತುಕೊಳ್ಳಿ. ತಂಗಿ ಸಾವಂತ್ರವ್ವ ಗುಳಿಗೆ ನುಂಗುವ ಹೊತ್ತು... ನುಂಗಿದಳು. ಮನೋರೋಗದ ಡಾಕ್ಟರು ಟಿಕೋಟಾಕ್ಕೆ ಬರುವುದು ತಿಂಗಳ ಮೊದಲ ಮಂಗಳವಾರ ಮಾತ್ರ. ನಮ್ಮೂರು ಬಿಜ್ಜರಗಿಯಿಂದ ಮೊದಲ ಬಸ್ಸಿಗೇ ಹೋಗಿಬಂದೆವು. ಕಿವಿಯೊಳಗಿನ ದನಿಗಳು ನಿಂತಿವೆಯಂತೆ. ಕೈ ನಡುಗುವುದು ಗುಳಿಗೆಯಿಂದ ಎಂದರು. ನಡುಗಲಿ. ಆ ಕೈಯಲ್ಲೇ ರೊಟ್ಟಿ ಬಡಿಯುತ್ತಾಳೆ — ಅಂಚು ಸೊಟ್ಟ, ರುಚಿ ಅದೇ.

ಫೆಬ್ರುವರಿ 10, ಸೋಮವಾರ

ನಿನ್ನೆ ಊರಲ್ಲಿ ನಮ್ಮ ನಾಟಕ. ನಾನು ಪ್ರಾಂಪ್ಟರ್ — ಪರದೆಯ ಮರೆಯಲ್ಲಿ ನಿಂತು ಮಾತು ಹೇಳಿಕೊಡುವವನು. ಹಾಸ್ಯಗಾರ ಪರಸಪ್ಪ ನನ್ನ ಕೈಲಿದ್ದ ನಾಟಕದ ಪ್ರತಿಯಲ್ಲಿಲ್ಲದ ಒಬ್ಬ ಹುಚ್ಚಿಯನ್ನು ತಂದ. ಸೆರಗು ಹೊದ್ದು, ಕಾಲೆಳೆದು, ಎರಡೂ ಕೈ ನಡುಗಿಸುತ್ತ. ಯಾರ ಕೈ ಎಂದು ಊರಿಗೆಲ್ಲ ಗೊತ್ತು. ಸೀಟಿ. ಒನ್ಸ್ ಮೋರ್. ಮತ್ತೆ ಮಾಡಿದ. ಸಾವಂತ್ರಿ ಹೆಂಗಸರ ನಡುವೆ ಇದ್ದಳು, ಕೈ ಸೆರಗಿನೊಳಗೆ ಅಡಗಿಸಿ.

ಬಣ್ಣ ಒರೆಸುತ್ತ ಅಂದ: "ಸಿಟ್ಟ ಆಗಬ್ಯಾಡ್ರಿ ಮಾಸ್ತರ. ನಗಸೂದ ನಮ್ಮ ಧಂದೆ."

"ನಗಸಲೇ ಮಗನ. ನನ್ನ ಪಾಳಿನೂ ಬರ್ತದ."

ಮಾರ್ಚ್ 5, ಬುಧವಾರ

ನಿನ್ನೆ ಡಾಕ್ಟರ ದಿನ. ಹೋಗಲಿಲ್ಲ. ಅವಳ ಕೈ ನಡುಗುತ್ತಿಲ್ಲ. ರೊಟ್ಟಿ ಬಟ್ಟಲಿಟ್ಟು ಕೊರೆದಂತೆ ದುಂಡಗೆ. "ಅರಾಮ ಆಗೇನಿ ಅಣ್ಣಾ, ನೋಡ ಬೇಕಾದ್ರ" ಎಂದು ಕೈ ಚಾಚಿದಳು. ಓಣಿಯವರೂ ಮುಟ್ಟಿ ನೋಡಿ ಸಂತೋಷಪಟ್ಟರು.

ಮಾರ್ಚ್ 20, ಗುರುವಾರ

ಜೋಳದ ಗಡಿಗೆಯ ತಳದಲ್ಲಿ ಗುಳಿಗೆಗಳು. ನಾಟಕದ ಮರುದಿನದಿಂದ ಒಂದೂ ನುಂಗಿಲ್ಲ. ನಡುಕ ಹೋಯಿತು, ದನಿಗಳು ಬಂದವು. ದ್ರಾಕ್ಷಿ ಪಡದಲ್ಲಿ, ಬಳ್ಳಿಗಳ ನಡುವೆ, ಬರಿಗಾಲಲ್ಲಿ ಸಿಕ್ಕಳು, ಯಾರಿಗೋ ಉತ್ತರ ಕೊಡುತ್ತ. ಈಗ ಗುಳಿಗೆ ಕೊಟ್ಟರೆ ಉಗುಳುತ್ತಾಳೆ.

ಟಿಕೋಟಾದಲ್ಲಿ ಮುಂದಿನ ತಿಂಗಳವರೆಗೆ ಡಾಕ್ಟರಿಲ್ಲ. ಅವಳನ್ನು ವಿಜಯಪುರಕ್ಕೆ ಒಯ್ಯಲೆಂದು ಜೀಪು ತಂದೆ. ಟಿಕೋಟಾ ಬಸ್‌ಸ್ಟ್ಯಾಂಡಿನೆದುರು ಜೀಪು ನಿಂತಾಗ, ನಾಟಕ ನೋಡಿದ್ದ ಯಾರೋ ಅವಳ ಗುರುತು ಹಿಡಿದು ಕೈ ನಡುಗಿಸಿ ತೋರಿಸಿದರು. ಇಳಿದು ಊರ ದಾರಿ ಹಿಡಿದೇಬಿಟ್ಟಳು. ಮರುದಿನ ನಾನೊಬ್ಬನೇ ಹೋದೆ. ಅಲ್ಲಿಯ ಸೊಲ್ಲಾಪುರ ರಸ್ತೆಯ ಡಾಕ್ಟರು, "ಪೇಶಂಟ್ ನೋಡದ ಏನ್ ಬರ್ದಕೊಡ್ಲಿರಿ?" ಎಂದರು. ತಪ್ಪಲ್ಲ.

ಪರಸಪ್ಪಾ, ಯುಗಾದಿಗೆ ಬಬಲೇಶ್ವರದಲ್ಲಿ ನಾಟಕವಿದೆ. ನಿನ್ನ ಕೊನೆಯ ಅಂಕ ನನ್ನ ಕೈಯಲ್ಲಿದೆ.

ಮಾರ್ಚ್ 31, ಸೋಮವಾರ, ಮಧ್ಯಾಹ್ನ

ಮಹಾಜನರೇ, ತೀರಿಸಿಕೊಂಡೆ. ಪರಸಪ್ಪನಿಗೆ ಒಂದು ಮಾತೂ ಬಾಯಿಪಾಠವಿಲ್ಲ. ಇಷ್ಟು ವರ್ಷ ನನ್ನ ದನಿಯ ಮೇಲೆ ಬದುಕಿದವನು. ನಿನ್ನೆ ಹುಚ್ಚಿಯಾಗಿ ಬಂದ. ಕೈ ನಡುಗಿಸಿದ. ನಗೆ ಎದ್ದಿತು. ಆ ಆಟ ಮುಗಿಸಿ, ನಾಟಕದ ಮುಂದಿನ ಮಾತಿಗೆ ನನ್ನತ್ತ ಕಿವಿ ಕೊಟ್ಟ. ನಾನು ಪ್ರತಿ ಮುಚ್ಚಿ ಎಲೆಗೆ ಸುಣ್ಣ ಹಚ್ಚಿದೆ. "ಮಾಸ್ತರ... ಮಾಸ್ತರ..." ಆಗ ನಡುಗಿದವು ನೋಡಿ ಕೈ, ನಿಜವಾಗಿ. ಜನ ಕೂಗಿ ಇಳಿಸಿದರು.

ಸಾವಂತ್ರಿಗೆ ಹೇಳಿದೆ. ಅವಳು ನಗಲಿಲ್ಲ.

"ಅಂವಗೂ ನಕ್ರೇನ?"

"ಹೊಟ್ಟಿ ಹಿಡಕೊಂಡ ನಕ್ರು."

"ಅದರಿಂದ ನನಗೇನ ಬಂತು?" ಮೂಲೆಯತ್ತ ತಿರುಗಿ ತುಟಿ ಅಲುಗಿಸಿದಳು. ದನಿಗಳೊಡನೆ ಜಗಳವಿರಬೇಕು. ಆಮೇಲೆ: "ನಾಳೆ ಮಂಗಳವಾರಲ್ಲ? ಬರ್ತೇನಿ. ಆದ್ರ ಟಿಕೋಟಾ ಬಸ್‌ಸ್ಟ್ಯಾಂಡನ್ಯಾಗ ಪರಸ್ಯಾ ನನ್ನ ಕೈ ಹಿಡಕೊಂಡ ನಡೀಬೇಕ. ಬಣ್ಣ ಇಲ್ಲದ. ಎಲ್ಲಾರ ಮುಂದ."

ಇಷ್ಟು ನಾಟಕ ಕಂಡ ನನಗೆ ಇಂಥ ಸೇಡು ಹೊಳೆದಿರಲಿಲ್ಲ.

ನಾಳೆ ಮುಂಜಾನೆ, ಬಸ್ಸಿಗೆ ಮೊದಲೇ, ಅವನ ಬಾಗಿಲು ಬಡಿಯುತ್ತೇನೆ. ಒಲ್ಲೆನೆಂದರೆ ಕೊರಳಪಟ್ಟಿ ಹಿಡಿದು ತರುತ್ತೇನೆ. ಅವಳೆದುರು ನಿಲ್ಲಿಸುತ್ತೇನೆ. ಅವನ ಬಾಯಿ ಒಣಗುತ್ತದೆ, ನನ್ನತ್ತ ನೋಡುತ್ತಾನೆ. ಈ ಸಲ ಮಾತು ಹೇಳಿಕೊಡುತ್ತೇನೆ, ಮೆಲ್ಲಗೆ, ಅವನಿಗಷ್ಟೇ ಕೇಳುವಂತೆ — "ತಂಗೆವ್ವಾ, ಕೈ ಕೊಡ..."