ನೀನು ಹಾಕಿದ ವಿಂಡೋಸ್

ಓಬಳೇಶ,

ನಿನ್ನೆ ನಾನಿಲ್ಲದಾಗ ಕಂಪ್ಯೂಟರಿನಿಂದ ಲಿನಕ್ಸ್ ಅಳಿಸಿ ವಿಂಡೋಸ್ ಹಾಕಿದ್ದೀಯ. ಉಣ್ಣೆ ನೂಲುವ ಹೆಂಗಸರ ಕೂಲಿಯ ಬಗ್ಗೆ ನಾನು ಬರೆದಿಟ್ಟಿದ್ದ ಕರಪತ್ರವೂ ಅದರ ಜೊತೆ ಹೋಗಿದೆ.

ನೆನಪಿದ್ದಷ್ಟನ್ನು ಕೈಯಲ್ಲೇ ಬರೆದುಕೊಂಡು ಚಳ್ಳಕೆರೆಯ ಪ್ರೆಸ್ಸಿಗೆ ಹೊರಟಿದ್ದೇನೆ. ನಾಳೆ ಆ ಹೆಂಗಸರ ಸಭೆ, ಇವತ್ತೇ ಅಚ್ಚಾಗಬೇಕು. ಅವ್ವ ಹೊಲದಿಂದ ಬಂದಮೇಲೆ ಸಾರು ಬಿಸಿ ಮಾಡಿಕೊಡು. ಮುದ್ದೆ ನೀನೇ ತಿರುವು, ಗಂಟಾದರೂ ಅವ್ವ ಬೈಯುವುದಿಲ್ಲ.

"ಅದ್ರಾಗೆ ಒಂದು ಗೇಮೂ ಆಡಕ್ಕಾಗಲ್ಲ, ಯಾರಿಗ್ ಬೇಕಕ್ಕ ನಿನ್ನ ಲಿನಕ್ಸು?" ಅಂದೆ ರಾತ್ರಿ. ಆಡುವ ಆಸೆ ತಪ್ಪಲ್ಲ ಕಣೋ. ಆದರೆ ನಮ್ಮ ಓದುಬಳಗದಲ್ಲಿ ಓದಿದ ಪುಸ್ತಕವನ್ನು ಯಾರೂ ಇಟ್ಟುಕೊಳ್ಳುವಂತಿಲ್ಲ, ಮುಂದಿನ ಮನೆಗೆ ದಾಟಿಸಬೇಕು. ಲಿನಕ್ಸ್ ಸೀಡಿಯೂ ಹಾಗೆಯೇ ಬಳಗದಲ್ಲಿರುವ ರಾಂಪುರದ ಪ್ರೇಮಲತಾಳಿಂದ ಬಂತು. ಎಷ್ಟು ಜನಕ್ಕೆ ನಕಲು ಮಾಡಿಕೊಟ್ಟರೂ ಅದು ಕಳ್ಳತನವಲ್ಲ. ನೀನು ಸಂತೆಯಲ್ಲಿ ತಂದ ವಿಂಡೋಸ್ ಸೀಡಿ ಕಳ್ಳಮಾಲು. ಕದ್ದದ್ದರಲ್ಲಿ ಬರೆದು, ಕೂಲಿ ನುಂಗಿದವರನ್ನು ಯಾವ ಬಾಯಲ್ಲಿ ಕೇಳಲಿ? ಲಿನಕ್ಸ್ ಸೀಡಿ ಗೂಡಿನಲ್ಲಿದೆ, ಸಂಜೆಯೊಳಗೆ ಮತ್ತೆ ಹಾಕಿಡು.

ಬೆಳಿಗ್ಗೆ ನಾನೂ ಸೋತು, ಇವತ್ತೊಂದು ದಿನ ನಿನ್ನದರಲ್ಲೇ ಬರೆಯೋಣವೆಂದು ಕೂತೆ. ಬರೆಯುವ ಪುಟ ತೆರೆಯುವ ಮೊದಲೇ ಉದ್ದನೆಯ ಇಂಗ್ಲಿಷ್ ಷರತ್ತುಗಳು ಬಂದವು. ನೀನು ಕಂಬಳಿಯೊಳಗಿಂದಲೇ, "ಅದನ್ನ ಯಾರೂ ಓದಲ್ಲಕ್ಕ, ಒಪ್ಪಿದೀನಿ ಅಂತ ಒತ್ತಿಬಿಡು" ಅಂದು ಮಗ್ಗುಲು ಬದಲಿಸಿದೆ.

ನಾನು ನಿಘಂಟು ಇಟ್ಟುಕೊಂಡು ಕೊನೆಯ ಸಾಲಿನವರೆಗೂ ಓದಿದೆ. ನಕಲು ಮಾಡಿ ಯಾರಿಗೂ ಕೊಡುವುದಿಲ್ಲವೆಂದು ಒಪ್ಪಬೇಕಂತೆ. ಒತ್ತಲಿಲ್ಲ. ಒತ್ತುವುದೂ ಇಲ್ಲ.