ನಾಲ್ಕನೇ ಟ್ಯಾಂಕಿನ ಪ್ಲೇಟು

ಮಾರ್ಚ್ 5, ಮಂಗಳವಾರ

ನಿನ್ನೆ ಲ್ಯಾಬಿಗೆ ಬಂದ ಹನ್ನೊಂದು ನಲ್ಲಿ ನೀರಿನ ಸ್ಯಾಂಪಲ್ ನೋಡಿದೆ. ಹತ್ತು ಶುದ್ಧ. ಹನ್ನೊಂದನೆಯದು ನಾಲ್ಕನೇ ಟ್ಯಾಂಕಿನ ಪೈಪ್ ಸಾಲಿನ ಕೊನೆಯ ನಲ್ಲಿಯದು. ಬ್ಯಾಕ್ಟೀರಿಯಾ ಬೆಳೆಸುವ ಪ್ಲೇಟಿನ ಮೇಲೆ ಹಸಿರು ಹೊಳಪಿನ ಚುಕ್ಕೆಗಳು, ಒಂಬತ್ತು. ಇ. ಕೋಲಿ. ಮಲದ ನೀರು ಬೆರೆತಾಗ ಕಾಣಿಸಿಕೊಳ್ಳುವಂಥದ್ದು. ಆ ಸಾಲಿನಲ್ಲಿ ಇದುವರೆಗೆ ಬಂದದ್ದೇ ಇಲ್ಲ.

ನಿನ್ನೆ ನನಗೆ ನೆಗಡಿ. ತಲೆ ಗಿಮ್ಮೆನ್ನುತ್ತಿತ್ತು. ಗಾಳಿಯ ಕ್ರಿಮಿ ತಡೆಯಲು ಉರಿಸುವ ಬರ್ನರ್ ಎರಡು ಸಲ ಆರಿತ್ತು. ಪರೀಕ್ಷೆಗೆ ಬಂದ ಚರಂಡಿ ನೀರಿನ ಬಾಟಲಿಯೂ ಅದೇ ಮೇಜಿನ ಮೇಲೆ. ನನ್ನ ಕೈಯಿಂದಲೇ ಅಂಟಿರಬೇಕು. ಹೊಸಬರಿಗೆಲ್ಲ ಕೈಶುದ್ಧಿಯ ಪಾಠ ಹೇಳುವವಳು ನಾನು... ಮುಖ ಬಿಸಿಯಾಯಿತು.

ಬಾಟಲಿ ಅಣ್ಣನಿಗೆ ಇನ್ನೊಂದು ಸ್ಯಾಂಪಲ್ ತರಲು ಹೇಳಿದೆ. ಊರಿನ ನಲ್ಲಿಗಳಿಂದ ನೀರು ಹಿಡಿದು ತರುವವರು. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಇದೆ.

"ಯಾಕಮ್ಮ, ಬಾಟ್ಲಿ ಒಡೆದು ಹೋಯ್ತಾ?"

"ಹೂಂ."

ಸುಳ್ಳು ಎಷ್ಟು ಸಲೀಸಾಗಿ ಬಂತು.

ಮಾರ್ಚ್ 6

ಎರಡನೆಯದು ಶುದ್ಧ. ರಿಜಿಸ್ಟರಿನಲ್ಲಿ ಅದನ್ನೇ ಬರೆದೆ. ಮೊದಲನೆಯದರ ಸುದ್ದಿ ಎತ್ತಲಿಲ್ಲ. ‘ಕುಡಿಯಲು ಯೋಗ್ಯ’ — ಸಹಿ. ಹಳೆ ಪ್ಲೇಟು ಎಸೆಯುವ ಮುಂಚೆ ಒಂದು ಚುಕ್ಕೆ ಎತ್ತಿ ಟ್ಯೂಬಿನಲ್ಲಿ ಬೆಳೆಸಲು ಬಿಟ್ಟೆ. ತಾರೀಕು ಬರೆದು ಚೀಟಿ ಅಂಟಿಸಿದೆ. ಬೇಕಿರಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು.

ಮಾರ್ಚ್ 24, ಭಾನುವಾರ

ಚಿಕ್ಕಪ್ಪ ಆಸ್ಪತ್ರೆ ಸೇರಿ ಐದು ದಿನ. ಮೂತ್ರದ ಸೋಂಕು ರಕ್ತಕ್ಕೆ ಏರಿದೆ. ಮೂರು ಔಷಧಿ ಬದಲಾಯಿಸಿದ್ದಾರೆ. ಜ್ವರ ಇಳಿದಿಲ್ಲ. ಅಪ್ಪ ಹೋದ ಮೇಲೆ ಗಡಿಯಾರ ರಿಪೇರಿ ಮಾಡಿ ನನ್ನನ್ನು ಓದಿಸಿದವರು. ಆ ಬೆರಳುಗಳು ಈಗ ಹೊದಿಕೆಯ ಅಂಚನ್ನು ಹಿಡಿಯಲೂ ನಡುಗುತ್ತಿವೆ.

"ನನ್ನೊಳಗೆ ಸೇರ್ಕೊಂಡಿರೋದಕ್ಕೆ ಕಿವಿ ಕೇಳ್ಸಲ್ವಂತೆ ಕಣೇ. ಡಾಕ್ಟ್ರು ಎಷ್ಟು ಗದರಿದ್ರೂ ಜಪ್ಪಯ್ಯ ಅಂದ್ರೂ ಹೋಗ್ತಿಲ್ಲ."

ನಗಲು ಹೋದರು. ತುಟಿ ಒಡೆದು ರಕ್ತ ಜಿನುಗಿತು.

ಹೊರಗೆ ಬೆಂಚಿನ ಮೇಲೆ ಚಿಕ್ಕಮ್ಮ. "ಹದಿನೈದು ದಿನದ ಹಿಂದೆ ನಮ್ಮ ಬೀದೀಲಿ ನಾಲ್ಕು ಮನೆಯವರಿಗೆ ಹೊಟ್ಟೆ ಕೆಟ್ಟಿತ್ತು. ಇವರಿಗೂ. ಅದು ವಾಸಿಯಾಯ್ತು ಅನ್ನೋಷ್ಟರಲ್ಲಿ ಇದು."

ಅವರ ಬೀದಿ. ನಾಲ್ಕನೇ ಟ್ಯಾಂಕು. ಕೊನೆಯ ನಲ್ಲಿ.

ಬಸ್ಸಿನಲ್ಲಿ ಇಳಿಯುವ ಜಾಗ ದಾಟಿ ಹೋಗಿಬಿಟ್ಟೆ.

ಮಾರ್ಚ್ 26

ನಿನ್ನೆ ಫ್ರಿಜ್ಜಿನಿಂದ ಮಾರ್ಚ್ 6ರ ಆ ಟ್ಯೂಬು ತೆಗೆದು, ಅದನ್ನು ಹೊಸ ಪ್ಲೇಟಿಗೆ ಬಳಿದು ಮೇಲೆ ಎಂಟು ಔಷಧಿಯ ಬಿಲ್ಲೆ ಇಟ್ಟಿದ್ದೆ. ಔಷಧಿ ನಾಟಿದರೆ ಬಿಲ್ಲೆಯ ಸುತ್ತ ಏನೂ ಬೆಳೆಯದೆ ಬರಿದಾಗಿರುತ್ತದೆ. ಏಳು ಬಿಲ್ಲೆಗಳ ಬುಡದವರೆಗೂ ಬೆಳೆದು ನಿಂತಿದೆ. ಒಂದರ ಸುತ್ತ ಮಾತ್ರ ಬರಿದು.

ಆಸ್ಪತ್ರೆಯ ಲ್ಯಾಬಿನಲ್ಲಿರುವ ಗೆಳತಿ ಚಿಕ್ಕಪ್ಪನ ರಕ್ತದ ವರದಿ ತೋರಿಸಿದಳು. ಅದೇ ಏಳು ಸೋತಿವೆ. ಅದೇ ಒಂದು ಉಳಿದಿದೆ. ಅವರ ರಕ್ತದಿಂದ ಬೆಳೆಸಿದ ಬ್ಯಾಕ್ಟೀರಿಯಾದ ಒಂದು ಟ್ಯೂಬು ಕೇಳಿ ಪಡೆದೆ. ಯಾಕೆ ಎಂದು ಅವಳು ಕೇಳಲಿಲ್ಲ. ಕೇಳಬಾರದಿತ್ತೇ ಎನಿಸಿತು.

ಮಾರ್ಚ್ 27, ಮಧ್ಯಾಹ್ನ 3

ಎರಡರಿಂದಲೂ ಪ್ಲಾಸ್ಮಿಡ್ ತೆಗೆದು, ಗಾತ್ರ ಹೋಲಿಸಲು ಜೆಲ್ ಮೇಲೆ ಓಡಿಸಿದೆ. ಡಿಎನ್‌ಎಯ ಪುಟ್ಟ ಉಂಗುರ. ತರಬೇತಿಗೆ ಬಂದವರಿಗೆ ನಗುತ್ತ ಹೇಳುತ್ತಿದ್ದೆ — ಔಷಧಿಗೆ ಚಳ್ಳೆಹಣ್ಣು ತಿನ್ನಿಸುವ ವಿದ್ಯೆ ಇದರಲ್ಲಿ ಬರೆದಿರುತ್ತೆ, ಒಂದು ಬ್ಯಾಕ್ಟೀರಿಯಾ ಪಕ್ಕದ್ದಕ್ಕೆ ನಕಲು ಕೊಟ್ಟು ಹೋಗುತ್ತೆ, ಗಾಳಿಸುದ್ದಿ ಹಬ್ಬೋ ಹಾಗೆ.

ದೀಪದ ಮುಂದೆ ಎರಡು ಗೆರೆ. ಒಂದೇ ಮಟ್ಟದಲ್ಲಿ.

ಇಷ್ಟರಿಂದ ಎರಡೂ ಒಂದೇ ಎನ್ನಲಾಗದು. ದೊಡ್ಡ ಲ್ಯಾಬಿಗೆ ಕಳಿಸಬೇಕು, ಮೂರು ವಾರ. ಆದರೆ ಇದನ್ನು ನೋಡುವ ನೆಪದಲ್ಲಿ ನಾನೇ ಒಂದು ದಿನ ತಡ ಮಾಡಿದ್ದೇನೆ. ಬಾಟಲಿ ಅಣ್ಣನನ್ನು ಕೇಳಿದೆ — ಆ ಮೊದಲ ಸಲ ನೀರು ಹಿಡಿದಾಗ ಏನಾದರೂ ಬೇರೆ ಇತ್ತಾ?

"ಕರೆಂಟ್ ಹೋಗಿತ್ತಲ್ಲಮ್ಮ. ಪಂಪ್ ನಿಂತಿತ್ತು. ನಲ್ಲೀಲಿ ಸಣ್ಣಗೆ ಬರ್ತಿತ್ತು, ಹಿಡ್ಕೊಂಡು ಬಂದೆ. ಎರಡನೇ ಸಲ ಜೋರಾಗಿತ್ತು."

ಪಂಪ್ ನಿಂತರೆ ಒಡೆದ ಪೈಪು ಹೊರಗಿನ ಕೊಳಕನ್ನು ಒಳಗೆ ಎಳೆದುಕೊಳ್ಳುತ್ತದೆ. ನನ್ನ ಕೈ ಶುದ್ಧವಾಗಿಯೇ ಇತ್ತು. ಪ್ಲೇಟು ನಿಜ ಹೇಳಿತ್ತು.

ಸಂಜೆ 6

ನಮ್ಮ ಲ್ಯಾಬಿನ ಸಾಹೇಬರಿಗೆ ಎಲ್ಲ ಹೇಳಿದೆ. ಕೂಡಲೇ ಫೋನ್ ಮಾಡಿ ಆ ಸಾಲು ಬಂದ್ ಮಾಡಿಸಿದರು. ಆಮೇಲೆ ಟ್ಯೂಬು ಕೈಗೆತ್ತಿಕೊಂಡು ಚೀಟಿ ಓದಿದರು.

"ಈ ಚೀಟಿ ಬದಲಾಯ್ಸಿ. ಈ ವಾರ ಸಿಕ್ತು ಅಂತ ಬರೀರಿ. ನೀರು ನಿಲ್ಲಿಸಿ ಆಯ್ತಲ್ಲ. ನಿಮ್ಮ ಮರ್ಯಾದೆನೂ ಉಳಿಯುತ್ತೆ, ನಮ್ಮದೂ."

ಕೆಟ್ಟ ಮನುಷ್ಯರಲ್ಲ. ನನ್ನನ್ನು ಉಳಿಸಲು ನೋಡುತ್ತಿದ್ದರು. ಒಂದು ಗಳಿಗೆ ನಾಲಿಗೆ ತುದಿಯವರೆಗೆ ‘ಸರಿ ಸರ್’ ಬಂದಿತ್ತು.

"ಆಗಲ್ಲ ಸರ್. ಮೂರು ವಾರದಿಂದ ಕುಡಿದೋರನ್ನೆಲ್ಲ ಹುಡುಕ್ಬೇಕು. ಈ ವಾರದ್ದು ಅಂತ ಬರೆದ್ರೆ ಯಾರನ್ನೂ ಹುಡುಕಲ್ಲ."

"ವಿಚಾರಣೆ ಆಗುತ್ತಮ್ಮ."

"ಆಗ್ಲಿ."

ಗಟ್ಟಿಯಾಗಿಯೇ ಹೇಳಿದೆ. ಟ್ಯೂಬನ್ನು ಚೀಟಿ ಸಮೇತ ಫ್ರಿಜ್ಜಿಗೆ ವಾಪಸ್ ಇಟ್ಟೆ.

ಮಾರ್ಚ್ 30

ಬೀದಿ ಅಗೆದರು. ಚರಂಡಿಗೆ ಒತ್ತಿಕೊಂಡಂತೆ ಪೈಪು, ಅಂಗೈ ಉದ್ದದ ಬಿರುಕು. ಮನೆಮನೆಗೆ ಹೋದ ನರ್ಸುಗಳಿಗೆ ಇದೇ ಸೋಂಕಿನ ಇನ್ನೂ ಎಂಟು ಮಂದಿ ಸಿಕ್ಕರು. ಅವರಲ್ಲಿ ಏಳು ತಿಂಗಳ ಬಸುರಿ ಒಬ್ಬಳು, ಜ್ವರ ಶುರುವಾಗಿ ಎರಡೇ ದಿನ. ಆಸ್ಪತ್ರೆ ಸೇರಿದ ದಿನವೇ ಸರಿಯಾದ ಔಷಧಿ ಕೊಟ್ಟರಂತೆ.

ನನಗೆ ಕಡ್ಡಾಯ ರಜೆ. ಲ್ಯಾಬಿನ ಬೀರುವಿನ ಕೀಲಿ ಒಪ್ಪಿಸಿ ಬಂದೆ. ಬಾಟಲಿ ಅಣ್ಣ ಗೇಟಿನ ತನಕ ಬಂದರು.

ಏಪ್ರಿಲ್ 2

ಉಳಿದಿದ್ದ ಆ ಎಂಟನೇ ಔಷಧಿಗೆ ಚಿಕ್ಕಪ್ಪನ ಜ್ವರ ಇಳಿದಿದೆ. ಆದರೆ ಕಿಡ್ನಿಗೆ ಪೆಟ್ಟು ಬಿದ್ದಿದೆ. ಎಷ್ಟು ವಾಪಸ್ ಬರುತ್ತದೋ ಡಾಕ್ಟರಿಗೂ ಗೊತ್ತಿಲ್ಲ.

ಚಿಕ್ಕಮ್ಮ ಊಟಕ್ಕೆ ಹೋಗಿದ್ದಳು. ಹೇಳಿಬಿಟ್ಟೆ. ಪ್ಲೇಟು, ಸಹಿ, ಎಲ್ಲ. ಚಿಕ್ಕಪ್ಪ ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಆವತ್ತೇ ಬರೆದಿದ್ರೆ ನನಗೆ ಹೀಗಾಗ್ತಿರ್ಲಿಲ್ವಾ?"

"ಗೊತ್ತಿಲ್ಲ ಚಿಕ್ಕಪ್ಪ. ಆಗದೇ ಇರ್ಬಹುದಿತ್ತು."

ಗೋಡೆಯ ಕಡೆ ತಿರುಗಿ ಮಲಗಿದರು. ಬೈದಿದ್ದರೆ ಚೆನ್ನಾಗಿತ್ತು.

ಏಪ್ರಿಲ್ 5, ಬೆಳಿಗ್ಗೆ 11

ಎರಡು ದಿನದಿಂದ ಚಿಕ್ಕಪ್ಪ ನನ್ನೊಡನೆ ಮಾತಾಡಿಲ್ಲ. ಇವತ್ತು ಚಿಕ್ಕಮ್ಮ ಸ್ನಾನಕ್ಕೆಂದು ಮನೆಗೆ ಹೋದಳು. ಕೋಣೆಯಲ್ಲಿ ನಾವಿಬ್ಬರೇ. ಬಾಯಾರಿಕೆ ಎಂದು ಸನ್ನೆ ಮಾಡಿದರು. ಮನೆಯಿಂದ ತಂದ ಬಾಟಲಿಯಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟೆ. ತುಟಿಯ ಹತ್ತಿರ ಒಯ್ದವರು ನಿಲ್ಲಿಸಿದರು.

"ಇದು ಯಾವ ನೀರು?"

"ಕುದಿಸಿ ಆರಿಸಿದ್ದು."

"ನೀನೇ ಕುದಿಸಿದ್ದಾ?"

"ನಾನೇ."

ಲೋಟ ಕೈಯಲ್ಲೇ ಇತ್ತು. ನನ್ನ ಮುಖ ನೋಡಿದರು, ಮತ್ತೆ ಲೋಟ ನೋಡಿದರು. ಅದೇ ಬಾಟಲಿಯಿಂದ ಇನ್ನೊಂದು ಲೋಟಕ್ಕೆ ಸುರಿದುಕೊಂಡು ಅವರೆದುರೇ ಪೂರ್ತಿ ಕುಡಿದೆ. ಕೆಳಗಿಟ್ಟೆ. ಆಮೇಲೆ ಅವರು ಲೋಟವನ್ನು ಮೆಲ್ಲಗೆ ತುಟಿಗೆ ತಂದು ಒಂದು ಗುಟುಕು ಕುಡಿದರು.